ವೈಡ್ ಏರಿಯಾ ನೆಟ್‌ವರ್ಕ್‌ನ ಐಪಿ ವಿಳಾಸ ಮತ್ತು ಸಬ್‌ನೆಟ್ ಯೋಜನೆ

ದೂರದೂರದ ಊರುಗಳಲ್ಲಿರುವ ಕಚೇರಿ, ಶಾಖೆ, ಡೇಟಾ ಸೆಂಟರ್‌ಗಳನ್ನು ಬಾಡಿಗೆ ಲೈನು, ಫೈಬರ್, ರೇಡಿಯೊ ಇಲ್ಲವೇ ಉಪಗ್ರಹದ ಮೂಲಕ ಒಂದಾಗಿಸಿದ ಜಾಲಕ್ಕೆ ವೈಡ್ ಏರಿಯಾ ನೆಟ್‌ವರ್ಕ್ ಎಂದು ಹೆಸರು, ಚಿಕ್ಕದಾಗಿ ವಾನ್. ಅದರೊಳಗಿನ ಪ್ರತಿ ಕಂಪ್ಯೂಟರಿಗೂ ಫೋನಿಗೂ ಕ್ಯಾಮೆರಾಕ್ಕೂ, ರೂಟರಿನ ಪ್ರತಿ ಪೋರ್ಟಿಗೂ ಒಂದೊಂದು ಐಪಿ ವಿಳಾಸ ಬೇಕು. ಯಾವ ಊರಿಗೆ ಯಾವ ವಿಳಾಸಗಳ ಗುಂಪು, ಆ ಗುಂಪನ್ನು ಊರೊಳಗೆ ಹೇಗೆ ಒಡೆಯಬೇಕು, ನಾಳೆ ಬರುವವರಿಗೆ ಎಲ್ಲಿ ಜಾಗ ಬಿಡಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೇ ವಿಳಾಸ ಯೋಜನೆ. ಒಂದೇ ಕಟ್ಟಡದ ಜಾಲದಲ್ಲಿ ಇದು ತಪ್ಪಿದರೆ ಒಂದು ರಜಾದಿನದಲ್ಲಿ ಸರಿಮಾಡಬಹುದು. ನೂರಾರು ಊರುಗಳಿಗೆ ಹಬ್ಬಿದ ಜಾಲದಲ್ಲಿ ಹಾಗಾಗದು. ಅಷ್ಟು ಹೊತ್ತಿಗೆ ಆ ಸಂಖ್ಯೆಗಳು ಫೈರ್‌ವಾಲ್ ನಿಯಮಗಳಲ್ಲಿ, ಡಿಎನ್‌ಎಸ್‌ನಲ್ಲಿ, ಪ್ರಿಂಟರುಗಳಲ್ಲಿ, ಯಾರೋ ಎಂದೋ ಬರೆದಿಟ್ಟ ಪ್ರೋಗ್ರಾಮುಗಳಲ್ಲಿ ಬೇರು ಬಿಟ್ಟಿರುತ್ತವೆ.

ಈ ಯೋಜನೆಯ ತಿರುಳು ಲೆಕ್ಕದಲ್ಲಿಲ್ಲ, ಒಂದು ಆಯ್ಕೆಯಲ್ಲಿದೆ. ರೂಟಿಂಗ್ ಪ್ರೋಟೊಕಾಲುಗಳ ವಿನ್ಯಾಸಕಾರರಲ್ಲಿ ಒಬ್ಬರಾದ ಯಾಕೊವ್ ರೆಕ್ಟರ್ ಹೆಸರಿನಲ್ಲಿ ಆ ಆಯ್ಕೆ ಪ್ರಸಿದ್ಧವಾಗಿದೆ: ಜಾಲದ ಆಕಾರವನ್ನು ವಿಳಾಸ ಅನುಸರಿಸಬೇಕು, ಇಲ್ಲವೇ ವಿಳಾಸವನ್ನು ಜಾಲದ ಆಕಾರ ಅನುಸರಿಸಬೇಕು. ಎರಡೂ ಒಂದನ್ನೊಂದು ಬಿಟ್ಟು ನಡೆದರೆ ಪ್ರತಿ ರೂಟರೂ ಪ್ರತಿ ಚಿಕ್ಕ ಸಬ್‌ನೆಟ್‌ನ ದಾರಿಯನ್ನು ಬೇರೆಬೇರೆಯಾಗಿ ನೆನಪಿಡಬೇಕಾಗುತ್ತದೆ. 1972ರ ಆಗಸ್ಟ್ 15ರಂದು ಬಂದ ನಮ್ಮ ಪಿನ್‌ಕೋಡ್ ಇದೇ ತತ್ತ್ವದ್ದು. ದೆಹಲಿಯಲ್ಲಿ ಅಂಚೆ ವಿಂಗಡಿಸುವವರಿಗೆ 58 ಎಂದು ಮೊದಲಾಗುವ ಕಾಗದ ಕರ್ನಾಟಕದ ಕಡೆಗೆ ಎಂದು ಗೊತ್ತಾದರೆ ಸಾಕು; ಅದು ಯಾವ ಹಳ್ಳಿಯ ಅಂಚೆ ಕಚೇರಿಗೆ ಎಂಬ ಚಿಂತೆ ಅವರದಲ್ಲ. ಐಪಿ ವಿಳಾಸದಲ್ಲಿ ಈ ಕೆಲಸ ಮಾಡುವ ಎಡಭಾಗಕ್ಕೆ ಪ್ರಿಫಿಕ್ಸ್ ಎನ್ನುತ್ತಾರೆ.

ತರಗತಿಗಳಿಂದ ಪ್ರಿಫಿಕ್ಸ್‌ವರೆಗೆ

1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 791 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಗಳ ಸಾಲು) ಐಪಿಯ ನಾಲ್ಕನೆಯ ಆವೃತ್ತಿಯನ್ನು ವಿಧಿಸಿತು. ವಿಳಾಸಕ್ಕೆ 32 ಬಿಟ್, ಒಟ್ಟು 4,29,49,67,296 ವಿಳಾಸ. ಇದನ್ನು ಎ, ಬಿ, ಸಿ ಎಂಬ ತರಗತಿಗಳಾಗಿ ಹಂಚಲಾಗಿತ್ತು. ಎ ತರಗತಿಯ ಒಂದು ಜಾಲದಲ್ಲಿ 1,67,77,214 ಯಂತ್ರಗಳಿಗೆ ಜಾಗ, ಬಿಯಲ್ಲಿ 65,534, ಸಿಯಲ್ಲಿ 254. ಎರಡು ಸಾವಿರ ಯಂತ್ರಗಳಿರುವ ಸಂಸ್ಥೆಗೆ ಸಿ ಸಾಲದು, ಬಿ ಕೊಟ್ಟರೆ ಬಹುಪಾಲು ವ್ಯರ್ಥ. ಒಂದು ಸಂಸ್ಥೆಯ ಒಳಗೆ ಹಲವು ಜಾಲಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಜಾಲಸಂಖ್ಯೆ ಬೇಕಿತ್ತು. 1985ರ ಆಗಸ್ಟಿನಲ್ಲಿ ಜೆಫ್ರಿ ಮೊಗಲ್ ಮತ್ತು ಪೋಸ್ಟೆಲ್ ಬರೆದ ಆರ್‌ಎಫ್‌ಸಿ 950 ಈ ಇಕ್ಕಟ್ಟನ್ನು ಬಿಡಿಸಿತು. ಯಂತ್ರದ ಸಂಖ್ಯೆಗೆಂದು ಇಟ್ಟ ಬಿಟ್‌ಗಳಲ್ಲಿ ಕೆಲವನ್ನು ಕಡ ಪಡೆದು ಒಳಜಾಲಗಳ ಗುರುತಿಗೆ ಬಳಸುವುದು, ಎಲ್ಲಿಯವರೆಗೆ ಜಾಲ, ಎಲ್ಲಿಂದ ಯಂತ್ರ ಎಂಬುದನ್ನು ಮಾಸ್ಕ್ ಎಂಬ ಇನ್ನೊಂದು ಸಂಖ್ಯೆಯಿಂದ ಹೇಳುವುದು. ಸಬ್‌ನೆಟ್ ಹುಟ್ಟಿದ್ದು ಹೀಗೆ.

ಆದರೆ ಆಗಿನ ಆರ್‌ಐಪಿಯಂಥ ರೂಟಿಂಗ್ ಪ್ರೋಟೊಕಾಲು ಮಾರ್ಗದ ಜತೆ ಮಾಸ್ಕನ್ನು ಕಳಿಸುತ್ತಿರಲಿಲ್ಲ. ಆದ್ದರಿಂದ ಒಂದು ಜಾಲದ ತುಂಬ ಒಂದೇ ಅಳತೆಯ ಸಬ್‌ನೆಟ್ ಇರಬೇಕಿತ್ತು. ಇನ್ನೂರು ಯಂತ್ರಗಳ ಕಚೇರಿಗೂ ಅಷ್ಟೇ ದೊಡ್ಡದು, ಎರಡೇ ರೂಟರುಗಳನ್ನು ಕೂಡಿಸುವ ಲೈನಿಗೂ ಅಷ್ಟೇ ದೊಡ್ಡದು. ಲೈನುಗಳೇ ಹೆಚ್ಚಿರುವ ವಾನ್‌ಗೆ ಇದಕ್ಕಿಂತ ದುಬಾರಿಯಾದ ಕಟ್ಟುಪಾಡು ಇಲ್ಲ. ಮಾಸ್ಕನ್ನೂ ಹೊತ್ತೊಯ್ಯುವ ಓಎಸ್‌ಪಿಎಫ್, ಐಎಸ್-ಐಎಸ್, ಆರ್‌ಐಪಿಯ ಎರಡನೆಯ ಆವೃತ್ತಿ ಬಂದ ಮೇಲೆ ಬೇಕಾದಲ್ಲಿ ಬೇಕಾದಷ್ಟೇ ಅಳತೆಯ ಸಬ್‌ನೆಟ್ ಸಾಧ್ಯವಾಯಿತು. ಇದನ್ನು ವಿಎಲ್‌ಎಸ್‌ಎಂ ಎನ್ನುತ್ತಾರೆ. 1993ರ ಸೆಪ್ಟೆಂಬರಿನಲ್ಲಿ ಸಿಐಡಿಆರ್ ಬಂದು ತರಗತಿಗಳನ್ನೇ ತೆಗೆದುಹಾಕಿತು. ಅದರ ಮುಖ್ಯ ದಾಖಲೆಯಾದ ಆರ್‌ಎಫ್‌ಸಿ 1519ನ್ನು ಬರೆದವರು ವಿನ್ಸ್ ಫುಲರ್, ಟೋನಿ ಲಿ, ಜೆಸ್ಸಿಕಾ ಯು ಮತ್ತು ಕಣ್ಣನ್ ವರದನ್. ವಿಳಾಸದ ಮುಂದೆ ಓರೆಗೆರೆ ಎಳೆದು ಪ್ರಿಫಿಕ್ಸ್‌ನ ಬಿಟ್‌ಗಳ ಎಣಿಕೆ ಬರೆಯುವ ರೂಢಿ ನೆಲೆಯಾದದ್ದು ಆಗಿನಿಂದ. /24 ಎಂದರೆ 256 ವಿಳಾಸ. ಒಂದು ಬಿಟ್ ಹೆಚ್ಚಿದಂತೆಲ್ಲ ವಿಳಾಸಗಳು ಅರ್ಧವಾಗುತ್ತವೆ. /26ರಲ್ಲಿ 64. ಅದರಲ್ಲಿ ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋದರೆ ಯಂತ್ರಗಳಿಗೆ ಉಳಿಯುವುದು 62.

ರಾಜ್ಯಜಾಲದ ಮಾದರಿ

ಕೇಂದ್ರ ಸರ್ಕಾರ 2005ರ ಮಾರ್ಚಿನಲ್ಲಿ 3,334 ಕೋಟಿ ರೂಪಾಯಿಯ ರಾಜ್ಯವ್ಯಾಪಿ ಜಾಲ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಲೈನು ಎಂಬುದು ಅದರ ಚೌಕಟ್ಟು. ಕರ್ನಾಟಕದಲ್ಲಿ ಇದು ಕೆಸ್ವಾನ್ ಎಂದು ಹೆಸರಾಗಿದೆ. ಮೂರು ಮೆಟ್ಟಿಲಿನ ಈ ಆಕಾರ ವಿಳಾಸ ಯೋಜನೆಯನ್ನು ವಿವರಿಸಲು ಬಹಳ ಚೆನ್ನಾಗಿ ಒದಗುತ್ತದೆ. ಮುಂದೆ ಕೊಟ್ಟಿರುವ ಸಂಖ್ಯೆಗಳು ಕೆಸ್ವಾನ್‌ನಲ್ಲಿ ನಿಜವಾಗಿ ಬಳಕೆಯಲ್ಲಿರುವವಲ್ಲ. ಅಂಥದೇ ಆಕಾರದ ಜಾಲಕ್ಕೆ ಮಾಡಿದ ಮಾದರಿ ಲೆಕ್ಕ.

ಖಾಸಗಿ ಬಳಕೆಗೆಂದು ಆರ್‌ಎಫ್‌ಸಿ 1918 ಎತ್ತಿಟ್ಟ ಮೂರು ಗುಂಪುಗಳಲ್ಲಿ ದೊಡ್ಡದಾದ 10.0.0.0/8ನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೇಲಿನ ಅರ್ಧವನ್ನು, ಎಂದರೆ 10.128.0.0/9ನ್ನು, ಮುಟ್ಟದೆ ಕಾಯ್ದಿಡಬೇಕು. ಕೆಳಗಿನ ಅರ್ಧ 10.0.0.0/9. ಇದರಲ್ಲಿ ಜಿಲ್ಲೆಯ ಗುರುತಿಗೆ ಎಷ್ಟು ಬಿಟ್? ಈಗ ಕರ್ನಾಟಕದಲ್ಲಿ 31 ಜಿಲ್ಲೆಗಳು, ಜತೆಗೆ ರಾಜಧಾನಿಯ ಕೇಂದ್ರ ಒಂದು, ಒಟ್ಟು 32. ಐದು ಬಿಟ್‌ಗೆ ಸರಿಯಾಗಿ 32. ಲೆಕ್ಕ ಕೂಡಿತು ಎಂದು ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ತಪ್ಪು. 1956ರಲ್ಲಿ ರಾಜ್ಯದಲ್ಲಿದ್ದದ್ದು 19 ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಯಿತು. 1997ರಲ್ಲಿ ಏಳು ಹೊಸ ಜಿಲ್ಲೆ, 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. ಜಿಲ್ಲೆ ಒಡೆಯುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಆದ್ದರಿಂದ ಆರು ಬಿಟ್ ಕೊಡಬೇಕು. ಆಗ 64 ಗುಂಪು, ಪ್ರತಿಯೊಂದೂ /15, ಒಂದೊಂದರಲ್ಲಿ 1,31,072 ವಿಳಾಸ. ಆರನೆಯ ಸಂಖ್ಯೆಯ ಜಿಲ್ಲೆಯದು 10.12.0.0/15, ಅದು 10.12ರಿಂದ ಮೊದಲಾಗುವ ಮತ್ತು 10.13ರಿಂದ ಮೊದಲಾಗುವ ಎಲ್ಲವನ್ನೂ ಒಳಗೊಳ್ಳುತ್ತದೆ.

ಈ 64ನ್ನು ಒಂದರಿಂದ ಸಾಲಾಗಿ ಹಂಚುತ್ತ ಹೋಗಬಾರದು. ಇರುವ 32ಕ್ಕೂ ಸಮಸಂಖ್ಯೆಗಳನ್ನು ಮಾತ್ರ ಕೊಟ್ಟು ಬೆಸಸಂಖ್ಯೆಗಳನ್ನೆಲ್ಲ ಖಾಲಿ ಬಿಡುವುದು ಒಳ್ಳೆಯದು. ಬಳ್ಳಾರಿಗೆ 8 ಕೊಟ್ಟಿದ್ದರೆ 9 ಖಾಲಿ ಇರುತ್ತದೆ. ವಿಜಯನಗರ ಬೇರೆಯಾದಾಗ ಅದಕ್ಕೆ 9 ಕೊಟ್ಟರೆ ಬಳ್ಳಾರಿಯದು 10.16.0.0/15, ವಿಜಯನಗರದ್ದು 10.18.0.0/15. ವಿಜಯನಗರದ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಬೆಂಗಳೂರಿನಿಂದ ನೇರ ಲೈನು ಬರುವವರೆಗೂ ಎರಡನ್ನೂ ಸೇರಿಸಿ 10.16.0.0/14 ಎಂದು ಒಂದೇ ಮಾರ್ಗವಾಗಿ ಸಾರಬಹುದು. ಅಕ್ಕಪಕ್ಕದಲ್ಲಿ ಜಾಗ ಬಿಟ್ಟು ಹಂಚುವ ಈ ಜಾಣ್ಮೆಯನ್ನು 1991ರ ಏಪ್ರಿಲ್‌ನ ಆರ್‌ಎಫ್‌ಸಿ 1219 ವಿಧಾನವಾಗಿ ರೂಪಿಸಿದೆ. ಯಂತ್ರಗಳ ಸಂಖ್ಯೆಯನ್ನು ಬಲಗಡೆಯ ಬಿಟ್‌ನಿಂದಲೂ ಸಬ್‌ನೆಟ್‌ಗಳ ಸಂಖ್ಯೆಯನ್ನು ಎಡಗಡೆಯ ಬಿಟ್‌ನಿಂದಲೂ ಎಣಿಸುತ್ತ ಬಂದರೆ ಖಾಲಿ ಬಿಟ್‌ಗಳು ನಡುವೆ ಉಳಿಯುತ್ತವೆ. ಯಾವ ಕಡೆ ಬೆಳೆದರೂ ಮಾಸ್ಕ್‌ನ ಗಡಿ ಸರಿಸಿದರೆ ಸಾಕು, ಇರುವ ಯಂತ್ರಗಳ ವಿಳಾಸ ಬದಲಿಸಬೇಕಿಲ್ಲ. ಈ ದಾಖಲೆಗೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ.

ಇಷ್ಟಾದರೂ ಎಲ್ಲಕ್ಕೂ ಪರಿಹಾರ ಆಯಿತೆಂದಲ್ಲ. 1997ರಲ್ಲಿ ಧಾರವಾಡ ಒಂದೇ ಸಲ ಮೂರಾಗಿ ಒಡೆಯಿತು. ದಾವಣಗೆರೆ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರರ ಭಾಗಗಳನ್ನೂ ಕೂಡಿಸಿ ಆದ ಜಿಲ್ಲೆ. ಹರಪನಹಳ್ಳಿಯ ಕಥೆ ಇನ್ನೂ ಪಾಠ ಹೇಳುವಂಥದು. ಮೊದಲು ಬಳ್ಳಾರಿಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಗೆಜೆಟ್ ಬದಲಾದಾಗಲೆಲ್ಲ ಅಲ್ಲಿನ ಯಂತ್ರಗಳ ವಿಳಾಸವನ್ನೂ ಬದಲಿಸಬೇಕೆ? ಬೇಕಿಲ್ಲ. ವಿಳಾಸದಲ್ಲಿ ನಾವು ಜಿಲ್ಲೆ ಎಂದು ಕರೆದ ಆರು ಬಿಟ್‌ಗಳು ನಿಜಕ್ಕೂ ಹೇಳುವುದು ಆಡಳಿತದ ಜಿಲ್ಲೆಯನ್ನಲ್ಲ, ತಾಲ್ಲೂಕಿನ ಲೈನು ಹೋಗಿ ಸೇರುವ ರೂಟರನ್ನು. ಲೈನು ದಾವಣಗೆರೆಗೇ ಹೋಗುತ್ತಿರುವವರೆಗೆ ದಾವಣಗೆರೆಯ ವಿಳಾಸವೇ ಸರಿ. ಲೈನು ಹೊಸಪೇಟೆಗೆ ತಿರುಗಿದ ದಿನ ವಿಳಾಸವೂ ತಿರುಗಬೇಕು. ಕಚೇರಿಯ ಆದೇಶ ನೋಡಿ ವಿಳಾಸ ಕೊಟ್ಟವರಿಗೂ ಲೈನು ನೋಡಿ ಕೊಟ್ಟವರಿಗೂ ಇರುವ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ.

ಜಿಲ್ಲೆಯೊಳಗೆ ಐದು ಬಿಟ್ ತಾಲ್ಲೂಕಿಗೆ. 2018ರಲ್ಲಿ ರಾಜ್ಯದಲ್ಲಿ ಸುಮಾರು 50 ಹೊಸ ತಾಲ್ಲೂಕುಗಳು ಒಮ್ಮೆಗೇ ಬಂದದ್ದನ್ನು ನೆನೆದರೆ ನಾಲ್ಕು ಬಿಟ್‌ನ 16 ಬೆಳಗಾವಿಯಂಥ ದೊಡ್ಡ ಜಿಲ್ಲೆಗೆ ತೀರ ಬಿಗಿ. ಐದು ಬಿಟ್ ಎಂದರೆ 32 ಗುಂಪು, ಪ್ರತಿಯೊಂದೂ /20, ಅಂದರೆ 4,096 ವಿಳಾಸ. ಆರನೆಯ ಜಿಲ್ಲೆಯ ಏಳನೆಯ ತಾಲ್ಲೂಕಿಗೆ 10.12.112.0/20. ಅದರೊಳಗೆ ಹದಿನಾರು /24. ಸೊನ್ನೆಯದು ಸ್ವಿಚ್ ಮತ್ತು ರೂಟರುಗಳ ನಿರ್ವಹಣೆಗೆ, ಒಂದನೆಯದು ತಾಲ್ಲೂಕು ಕಚೇರಿಯ ಕಂಪ್ಯೂಟರುಗಳಿಗೆ, ಎರಡನೆಯದು ಫೋನುಗಳಿಗೆ, ಮೂರನೆಯದು ಕ್ಯಾಮೆರಾಗಳಿಗೆ. ನಾಲ್ಕರಿಂದ ಹನ್ನೊಂದರವರೆಗೆ ಖಜಾನೆ, ಉಪನೋಂದಣಿ ಕಚೇರಿ, ಆಸ್ಪತ್ರೆ ಮುಂತಾದ ಬೇರೆ ಇಲಾಖೆಗಳಿಗೆ. ಒಂದೊಂದು /24ನ್ನು ನಾಲ್ಕು /26 ಮಾಡಿದರೆ 32 ಕಚೇರಿಗಳಿಗೆ ಸಾಕು. ಉಳಿದ ನಾಲ್ಕು ಖಾಲಿ ಇರಲಿ. ಒಂದೇ /24ರೊಳಗೆ ಬೇರೆಬೇರೆ ಅಳತೆಯ ತುಂಡು ಬೇಕಾದಾಗ ದೊಡ್ಡದನ್ನು ಮೊದಲು ಕತ್ತರಿಸಬೇಕು. ಚಿಕ್ಕದರಿಂದ ಶುರುಮಾಡಿದರೆ ಉಳಿದ ಜಾಗ ಚೂರುಚೂರಾಗಿ ದೊಡ್ಡದು ಕೂಡುವುದೇ ಇಲ್ಲ.

ಈ ಜೋಡಣೆಯಿಂದ ಬರುವ ಒಂದು ಸುಖವನ್ನು ಹೇಳಲೇಬೇಕು. 10.12.113.45 ಎಂಬ ವಿಳಾಸದಿಂದ ದೂರು ಬಂದರೆ ಪುಸ್ತಕ ತೆರೆಯದೆ ಓದಬಹುದು. ಹನ್ನೆರಡರ ಅರ್ಧ ಆರು, ಆರನೆಯ ಜಿಲ್ಲೆ. 113ನ್ನು 16ರಿಂದ ಭಾಗಿಸಿದರೆ ಏಳು, ಏಳನೆಯ ತಾಲ್ಲೂಕು. ಶೇಷ ಒಂದು, ಕಚೇರಿಯ ಕಂಪ್ಯೂಟರು. ನಡುರಾತ್ರಿ ಕರೆ ಬಂದ ಇಂಜಿನಿಯರಿಗೆ ಇದರ ಬೆಲೆ ಗೊತ್ತು.

ಮಾರ್ಗಗಳ ಸಂಕ್ಷೇಪ

ಇಷ್ಟೆಲ್ಲ ಶಿಸ್ತಿನ ಫಲ ರೂಟಿಂಗ್ ಟೇಬಲ್‌ನಲ್ಲಿ ಕಾಣುತ್ತದೆ. ಜಿಲ್ಲೆಯ ರೂಟರು ಒಳಗಿನ ನೂರಾರು ಸಬ್‌ನೆಟ್‌ಗಳನ್ನು ಬೆಂಗಳೂರಿಗೆ ಹೇಳದೆ ಒಂದೇ /15 ಸಾರುತ್ತದೆ. ರಾಜ್ಯದ ಒಟ್ಟು ಸಬ್‌ನೆಟ್‌ಗಳು ಸಾವಿರಗಳಲ್ಲಿದ್ದರೂ ಕೇಂದ್ರದ ರೂಟರಿನಲ್ಲಿ ಸಾಲುಗಳು 32ರ ಆಸುಪಾಸು. ಮೆಮೊರಿ ಉಳಿಯುವುದು ಇದರಲ್ಲಿ ಚಿಕ್ಕ ಲಾಭ. ಮಳೆಗಾಲದಲ್ಲಿ ಒಂದು ತಾಲ್ಲೂಕಿನ ಲೈನು ಗಂಟೆಗೆ ಹತ್ತು ಸಲ ಹೋಗಿಬಂದರೂ ಆ ಏರಿಳಿತ ಜಿಲ್ಲೆಯ ಗಡಿ ದಾಟುವುದಿಲ್ಲ, ಉಳಿದ ಜಿಲ್ಲೆಗಳ ರೂಟರುಗಳು ಹೊಸದಾಗಿ ದಾರಿ ಲೆಕ್ಕಹಾಕಬೇಕಿಲ್ಲ. ಇದು ದೊಡ್ಡ ಲಾಭ. ಇಂಟರ್‌ನೆಟ್‌ನ ಮಟ್ಟದಲ್ಲಿ ಟೇಬಲ್ ಉಬ್ಬಿದರೆ ಏನಾಗುತ್ತದೆ ಎಂಬುದನ್ನು 2014ರ ಆಗಸ್ಟ್ 12 ತೋರಿಸಿತು. ಅಂದು ಜಾಗತಿಕ ಮಾರ್ಗಗಳ ಎಣಿಕೆ 512 ಸಾವಿರದ ಮಿತಿ ಮುಟ್ಟಿ, ಅಷ್ಟಕ್ಕೇ ಜಾಗವಿದ್ದ ಹಳೆಯ ರೂಟರುಗಳು ಹಲವು ಕಡೆ ತತ್ತರಿಸಿದವು.

ಸಂಕ್ಷೇಪಕ್ಕೆ ತನ್ನದೇ ಅಪಾಯಗಳಿವೆ, ಪಠ್ಯಪುಸ್ತಕಗಳು ಅವನ್ನು ಬೇಗ ದಾಟಿಬಿಡುತ್ತವೆ. ಜಿಲ್ಲೆಯ /15ರಲ್ಲಿ ಬಳಸದ ವಿಳಾಸಗಳು ಬೇಕಾದಷ್ಟು. ಅಂಥದೊಂದಕ್ಕೆ ಹೊರಟ ಪ್ಯಾಕೆಟ್ ಬೆಂಗಳೂರಿನಿಂದ ಜಿಲ್ಲೆಗೆ ಬರುತ್ತದೆ. ಜಿಲ್ಲೆಯಲ್ಲಿ ಅದಕ್ಕೆ ದಾರಿ ಇಲ್ಲ, ಡೀಫಾಲ್ಟ್ ಮಾರ್ಗ ಹಿಡಿದು ಮರಳಿ ಬೆಂಗಳೂರಿಗೆ ಹೋಗುತ್ತದೆ. ಆಯುಸ್ಸು ಮುಗಿಯುವವರೆಗೂ ಹೀಗೇ ಓಡಾಡುತ್ತ ಲೈನು ತುಂಬುತ್ತದೆ. ಇದನ್ನು ತಡೆಯಲು ಸಂಕ್ಷೇಪ ಸಾರುವ ರೂಟರಿನಲ್ಲಿ ಅದೇ /15ನ್ನು ಶೂನ್ಯಕ್ಕೆ ಕಳಿಸುವ ಮಾರ್ಗವೊಂದು ಇರಬೇಕು. ಹೆಚ್ಚು ನಿರ್ದಿಷ್ಟವಾದ ಮಾರ್ಗ ಇದ್ದರೆ ಅದೇ ಗೆಲ್ಲುತ್ತದೆ, ಇಲ್ಲದ್ದು ಅಲ್ಲೇ ಬೀಳುತ್ತದೆ. ಜಿಲ್ಲೆಯಲ್ಲಿ ಎರಡು ಹೊರಬಾಗಿಲ ರೂಟರುಗಳಿದ್ದು ಅವುಗಳ ನಡುವಿನ ಸಂಪರ್ಕ ಕಡಿದರೆ ಎರಡೂ ಇಡೀ ಜಿಲ್ಲೆ ನನ್ನ ಹಿಂದಿದೆ ಎಂದೇ ಸಾರುತ್ತಿರುತ್ತವೆ. ಅರ್ಧ ತಾಲ್ಲೂಕುಗಳಿಗೆ ಹೋಗುವ ಪ್ಯಾಕೆಟ್‌ಗಳು ಸುಳಿವಿಲ್ಲದೆ ಕಾಣೆಯಾಗುತ್ತವೆ. ಆ ಎರಡು ರೂಟರುಗಳ ನಡುವೆ ಗಟ್ಟಿಯಾದ ನೇರ ಲೈನು ಇಡುವುದೇ ಇದಕ್ಕೆ ಮದ್ದು.

ಇನ್ನೊಂದು ಬಗೆ ನೋಡಿ. ಕಾರವಾರದ ಕಡೆಯ ಲೈನು ಘಟ್ಟದಲ್ಲಿ ಕಡಿದರೆ ಎಂದು ಶಿರಸಿಗೆ ಶಿವಮೊಗ್ಗದಿಂದಲೂ ಒಂದು ದಾರಿ ಕೊಟ್ಟರು ಎಂದುಕೊಳ್ಳೋಣ. ಶಿರಸಿಯ /20 ಕಾರವಾರದ /15ರೊಳಗಿನದು, ಶಿವಮೊಗ್ಗ ಅದನ್ನು ಬಿಡಿಯಾಗಿ ಸಾರಬೇಕು. ರೂಟರು ಯಾವಾಗಲೂ ಉದ್ದದ ಪ್ರಿಫಿಕ್ಸನ್ನೇ ಆಯುತ್ತದೆ. ಪರಿಣಾಮವಾಗಿ ಕಾರವಾರದ ಲೈನು ಚೆನ್ನಾಗಿದ್ದಾಗಲೂ ಶಿರಸಿಯ ಸಂಚಾರವೆಲ್ಲ ಶಿವಮೊಗ್ಗದ ಸುತ್ತುದಾರಿ ಹಿಡಿಯುತ್ತದೆ. ಕಾರವಾರವೂ ಅದೇ /20ನ್ನು ಬಿಡಿಯಾಗಿ, ಇನ್ನೂ ಕಡಿಮೆ ವೆಚ್ಚದ ಮಾರ್ಗವೆಂದು ಸಾರಿದಾಗಲೇ ಇದು ನೆಟ್ಟಗಾಗುವುದು. ಅಂದರೆ ಪ್ರತಿಯೊಂದು ಬದಲಿ ಲೈನೂ ಸಂಕ್ಷೇಪದಲ್ಲಿ ಒಂದು ತೂತು ಕೊರೆಯುತ್ತದೆ. ಎಷ್ಟು ತೂತು ತಾಳಿಕೊಳ್ಳಬಹುದು ಎಂಬುದನ್ನು ಯೋಜನೆಯ ಹಂತದಲ್ಲೇ ಎಣಿಸಿಡಬೇಕು.

ಲೈನುಗಳು, ಲೂಪ್‌ಬ್ಯಾಕ್‌ಗಳು

ಎರಡು ರೂಟರುಗಳ ನಡುವಿನ ಲೈನಿಗೆ ಬಹುಕಾಲ /30 ಕೊಡುವುದು ವಾಡಿಕೆಯಾಗಿತ್ತು: ನಾಲ್ಕು ವಿಳಾಸ, ಎರಡು ಉಪಯೋಗ, ಎರಡು ನಷ್ಟ. 2000ದ ಡಿಸೆಂಬರಿನ ಆರ್‌ಎಫ್‌ಸಿ 3021 ಇಂಥ ಲೈನುಗಳಲ್ಲಿ /31 ಬಳಸಲು ದಾರಿಮಾಡಿತು. ಒಂದು /24ರಲ್ಲಿ 64 ಲೈನುಗಳ ಬದಲು 128. ಮಾದರಿ ಜಿಲ್ಲೆಯಲ್ಲಿ ಕೊನೆಯ /20ಯಾದ 10.13.240.0/20ನ್ನು ಇಂಥವಕ್ಕೇ ಮೀಸಲಿಡಬಹುದು. 10.13.254.0/24 ಲೈನುಗಳಿಗೆ, 10.13.255.0/24 ಲೂಪ್‌ಬ್ಯಾಕ್‌ಗಳಿಗೆ. ಲೂಪ್‌ಬ್ಯಾಕ್ ಎಂದರೆ ಯಾವ ತಂತಿಗೂ ಅಂಟಿಕೊಳ್ಳದ, ರೂಟರು ಬದುಕಿರುವವರೆಗೆ ಬದುಕಿರುವ /32 ವಿಳಾಸ. ನಿಗಾ ಮತ್ತು ನಿರ್ವಹಣೆ ಅದರ ಮೂಲಕವೇ ನಡೆಯಬೇಕು.

ಜಾಗ ಮೊದಲೋ, ಬಳಕೆ ಮೊದಲೋ

ಭದ್ರತೆ ನೋಡುವವರು ಬಯಸುವ ಜೋಡಣೆ ಬೇರೆ. ರಾಜ್ಯದ ಎಲ್ಲ ಕ್ಯಾಮೆರಾಗಳೂ ಒಂದೇ ಪ್ರಿಫಿಕ್ಸ್‌ನಲ್ಲಿದ್ದರೆ ಫೈರ್‌ವಾಲ್‌ಗೆ ಒಂದೇ ಸಾಲು ಸಾಕು. ಆದರೆ ಬಳಕೆಯ ಬಿಟ್‌ಗಳನ್ನು ಜಾಗದ ಬಿಟ್‌ಗಳಿಗಿಂತ ಎಡಕ್ಕೆ ತಂದರೆ ಒಂದು ಜಿಲ್ಲೆಯ ವಿಳಾಸಗಳು ಹತ್ತಾರು ಕಡೆ ಹರಡಿ, ಜಿಲ್ಲೆಗೆ ಒಂದೇ ಮಾರ್ಗ ಎಂಬುದು ಇಲ್ಲವಾಗುತ್ತದೆ. ವಾನ್‌ನಲ್ಲಿ ಜಾಗವೇ ಮೊದಲು ಎಂಬುದು ಈ ಲೇಖನದ ನಿಲುವು. ಲೈನು ಕಡಿಯುವುದು ದಿನದ ಮಾತು, ಫೈರ್‌ವಾಲ್ ನಿಯಮ ಬರೆಯುವುದು ಅಪರೂಪದ ಕೆಲಸ. ಬಳಕೆಯ ಬಿಟ್‌ಗಳು ಎಲ್ಲ ತಾಲ್ಲೂಕುಗಳಲ್ಲೂ ಒಂದೇ ಕಡೆ ಕೂತಿದ್ದರೆ ಭದ್ರತೆಯವರಿಗೂ ನಷ್ಟವಿಲ್ಲ. ಯಾವ ಬಿಟ್‌ಗಳನ್ನು ಕಡೆಗಣಿಸಬೇಕು ಎಂದು ಹೇಳುವ ವೈಲ್ಡ್‌ಕಾರ್ಡ್ ಮಾಸ್ಕ್ ಒಪ್ಪುವ ರೂಟರುಗಳಲ್ಲಿ 10.0.3.0ಗೆ 0.127.240.255 ಎಂದು ಬರೆದರೆ ಎಲ್ಲ ತಾಲ್ಲೂಕುಗಳ ಮೂರನೆಯ /24 ಒಂದೇ ಸಾಲಿಗೆ ಸಿಗುತ್ತದೆ. ಸಾದಾ ಪ್ರಿಫಿಕ್ಸ್ ಮಾತ್ರ ತಿಳಿಯುವ ಫೈರ್‌ವಾಲ್‌ಗಳಲ್ಲಿ ಮಾತ್ರ ಪಟ್ಟಿ ಉದ್ದವಾಗುತ್ತದೆ.

ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರನ್ನು ಎಲ್ಲಿಡಬೇಕು ಎಂಬುದೂ ಈ ಹಂತದ ಪ್ರಶ್ನೆಯೇ. ಎಲ್ಲವನ್ನೂ ರಾಜಧಾನಿಯಲ್ಲಿಟ್ಟರೆ ನಿರ್ವಹಣೆ ಸುಲಭ, ಆದರೆ ಲೈನು ಹೋದ ದಿನ ಬೆಳಿಗ್ಗೆ ಆನ್ ಮಾಡಿದ ಕಂಪ್ಯೂಟರಿಗೆ ಪಕ್ಕದ ಮೇಜಿನ ಪ್ರಿಂಟರೂ ಸಿಗದೆ ಹೋಗಬಹುದು. ಲೀಸ್ ಅವಧಿಯನ್ನು ದಿನಗಳಲ್ಲಿ ಇಡುವುದು, ತಾಲ್ಲೂಕಿನ ರೂಟರಿಗೇ ಆ ಕೆಲಸ ಒಪ್ಪಿಸುವುದು ಎರಡೂ ರೂಢಿಯಲ್ಲಿವೆ.

ಖಾಸಗಿ ವಿಳಾಸಗಳ ಡಿಕ್ಕಿ

1996ರ ಫೆಬ್ರವರಿಯ ಆರ್‌ಎಫ್‌ಸಿ 1918 ಎತ್ತಿಟ್ಟ ಗುಂಪುಗಳು 10.0.0.0/8, 172.16.0.0/12, 192.168.0.0/16. ಯಾರ ಅನುಮತಿಯೂ ಬೇಡ, ಯಾರು ಬೇಕಾದರೂ ಬಳಸಬಹುದು. ಎಲ್ಲರೂ ಬಳಸುತ್ತಾರೆ ಎಂಬುದೇ ತೊಡಕು. ಎರಡು ಸಂಸ್ಥೆಗಳು ಒಂದಾದಾಗ ಎರಡರಲ್ಲೂ 10.1.1.0/24 ಇರುವುದು ತೀರ ಸಹಜ. ನಮ್ಮಲ್ಲಿ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಸೇರಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಇಷ್ಟು ದೊಡ್ಡ ಶಾಖಾಜಾಲಗಳು ಕೂಡುವಾಗ ಇಂಜಿನಿಯರುಗಳು ಮೊದಲು ಎದುರುಬದುರಿಟ್ಟು ನೋಡಬೇಕಾದದ್ದು ವಿಳಾಸ ಪಟ್ಟಿಗಳನ್ನೇ. ಡಿಕ್ಕಿಯಾದರೆ ಒಂದು ಕಡೆಯವರು ವಿಳಾಸ ಬದಲಿಸಬೇಕು, ಇಲ್ಲವೇ ನಡುವೆ ಒಂದು ವಿಳಾಸವನ್ನು ಇನ್ನೊಂದಾಗಿ ಮಾರ್ಪಡಿಸುವ ನ್ಯಾಟ್ ಕೂರಿಸಬೇಕು. ನ್ಯಾಟ್ ತಾತ್ಕಾಲಿಕ ಎಂದು ಬರುತ್ತದೆ, ತೆಗೆಯುವವರಿಲ್ಲದೆ ಉಳಿದುಬಿಡುತ್ತದೆ. ಗುಂಪಿನೊಳಗಿಂದ ಯಾದೃಚ್ಛಿಕವಾಗಿ ಆರಿಸಿಕೊಳ್ಳಿ ಎಂದು ಆರ್‌ಎಫ್‌ಸಿ 1918 ತಾನೇ ಸಲಹೆ ಕೊಟ್ಟಿದೆ. ಮನೆಯ ರೂಟರುಗಳಲ್ಲಿ ಮೊದಲೇ ತುಂಬಿ ಬರುವ 192.168.0.0 ಮತ್ತು 192.168.1.0ನ್ನಂತೂ ವಾನ್‌ನಲ್ಲಿ ಎಲ್ಲೂ ಇಡಬಾರದು. ಇಟ್ಟರೆ ವಿಪಿಎನ್ ಮೂಲಕ ಮನೆಯಿಂದ ಕೆಲಸ ಮಾಡುವವರಿಗೆ ಆ ಕಚೇರಿಯ ಸರ್ವರುಗಳು ಕಾಣುವುದೇ ಇಲ್ಲ.

ಸೇವಾದಾರರಿಂದ ಎಂಪಿಎಲ್‌ಎಸ್ ವಿಪಿಎನ್ ಪಡೆದ ಜಾಲಗಳಲ್ಲಿ, ಈಚಿನ ಎಸ್‌ಡಿ-ವಾನ್‌ಗಳಲ್ಲಿ ಪ್ರತಿ ಶಾಖೆಯೂ ನೇರವಾಗಿ ನಡುಜಾಲಕ್ಕೆ ಸೇರುತ್ತದೆ, ಜಿಲ್ಲೆಯ ರೂಟರು ಎಂಬ ಮೆಟ್ಟಿಲೇ ಇರುವುದಿಲ್ಲ. ಅಲ್ಲಿ /15ರಂಥ ದೊಡ್ಡ ಸಂಕ್ಷೇಪಕ್ಕೆ ಜಾಗವಿಲ್ಲ. ಆದರೂ ಒಂದು ಶಾಖೆಗೆ ಒಂದೇ ಪ್ರಿಫಿಕ್ಸ್ ಎಂಬ ನಿಯಮ ಬಿಡಬಾರದು, ಏಕೆಂದರೆ ಗ್ರಾಹಕರೊಬ್ಬರಿಂದ ಎಷ್ಟು ಮಾರ್ಗ ಒಪ್ಪಬಹುದು ಎಂಬುದಕ್ಕೆ ಸೇವಾದಾರರು ಮಿತಿ ಹಾಕುವುದು ಸಾಮಾನ್ಯ.

ಐಪಿವಿ6

ಇಂಟರ್‌ನೆಟ್‌ನ 32 ಬಿಟ್ ವಿಳಾಸಗಳ ಕೇಂದ್ರ ಸಂಗ್ರಹ 2011ರ ಫೆಬ್ರವರಿ 3ರಂದು ಬರಿದಾಯಿತು. ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್ ಅದೇ ವರ್ಷದ ಏಪ್ರಿಲ್ 15ಕ್ಕೆ ತನ್ನ ಕೊನೆಯ /8ಕ್ಕೆ ಬಂದು ಮುಟ್ಟಿತು. ದೂರಸಂಪರ್ಕ ಇಲಾಖೆ ಅದಕ್ಕೂ ಮುಂಚೆ, 2010ರ ಜುಲೈನಲ್ಲಿ, ಐಪಿಯ ಆರನೆಯ ಆವೃತ್ತಿಯಾದ ಐಪಿವಿ6ಕ್ಕೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತ್ತು. ಭಾರತದ ಸಂಸ್ಥೆಗಳು ಈಗ ಐರಿನ್ ಎಂಬ ರಾಷ್ಟ್ರೀಯ ನೋಂದಣಿಯಿಂದ ವಿಳಾಸ ಪಡೆಯಬಹುದು.

ಐಪಿವಿ6ಕ್ಕೆ ಬಂದಾಗ ಹಳೆಯ ಜಿಪುಣತನವನ್ನು ಬಿಡಬೇಕು. ವಿಳಾಸಕ್ಕೆ 128 ಬಿಟ್. ಸಾಮಾನ್ಯ ಸಬ್‌ನೆಟ್ ಎಲ್ಲಿದ್ದರೂ /64. ಯಂತ್ರ ತನ್ನ ವಿಳಾಸವನ್ನು ತಾನೇ ಕಟ್ಟಿಕೊಳ್ಳುವ ವ್ಯವಸ್ಥೆ ಈ 64ನ್ನು ನಂಬಿದೆ. ಹಾಗಾಗಿ ಎಷ್ಟು ಯಂತ್ರ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಎಷ್ಟು ಸಬ್‌ನೆಟ್ ಎಂದಷ್ಟೇ ಕೇಳಬೇಕು. ಮಾದರಿ ರಾಜ್ಯಜಾಲಕ್ಕೆ ಒಂದು /32 ಸಿಕ್ಕರೆ ಜಿಲ್ಲೆಗೆ ಎಂಟು ಬಿಟ್ ಕೊಟ್ಟು /40, ತಾಲ್ಲೂಕಿಗೆ ಇನ್ನೆಂಟು ಕೊಟ್ಟು /48 ಮಾಡಬಹುದು. 256 ಜಿಲ್ಲೆ, ಜಿಲ್ಲೆಗೆ 256 ತಾಲ್ಲೂಕು, ತಾಲ್ಲೂಕಿಗೆ 65,536 ಸಬ್‌ನೆಟ್. ಗಡಿಗಳನ್ನು ನಾಲ್ಕರ ಗುಣಕಗಳಲ್ಲೇ ಇಡಬೇಕು. ಆಗ ಒಂದು ಹೆಕ್ಸಾಡೆಸಿಮಲ್ ಅಂಕಿ ಎರಡು ಅರ್ಥಗಳಿಗೆ ಹಂಚಿಹೋಗುವುದಿಲ್ಲ, ವಿಳಾಸ ನೋಡಿದ ಕೂಡಲೇ ಜಿಲ್ಲೆ ತಾಲ್ಲೂಕುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಡಿಎನ್‌ಎಸ್‌ನ ಹಿಮ್ಮುಖ ವಲಯಗಳೂ ಅದೇ ಗಡಿಗೆ ಹೊಂದುತ್ತವೆ. ರೂಟರುಗಳ ನಡುವಿನ ಲೈನಿಗೆ 2011ರ ಆರ್‌ಎಫ್‌ಸಿ 6164ರಂತೆ /127 ಬಳಸಿ, ಆ ಲೈನಿನ ಹೆಸರಿಗೆ ಒಂದು ಪೂರ್ತಿ /64ನ್ನು ಕಾಯ್ದಿಡುವುದು ವಾಡಿಕೆ. ಹೊರಜಗತ್ತಿಗೆ ಕಾಣದ ಒಳಬಳಕೆಗೆ ಆರ್‌ಎಫ್‌ಸಿ 4193 ಬೇರೆ ವಿಳಾಸಗಳನ್ನು ಕೊಟ್ಟಿದೆ. ಅವುಗಳಲ್ಲಿ 40 ಬಿಟ್‌ಗಳನ್ನು ಯಾದೃಚ್ಛಿಕವಾಗಿ ಆರಿಸುವುದು ಕಡ್ಡಾಯ, ಹೀಗಾಗಿ ಎರಡು ಸಂಸ್ಥೆಗಳು ವಿಲೀನವಾದಾಗ ಡಿಕ್ಕಿಯಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.